ಫಿಟ್ಟರ್ ಇಂಟರ್ವ್ಯೂನಲ್ಲಿ ಮುಕ್ಕಾಲು ಗಂಟೆ ಬರೀ ಸೇಫ್ಟಿನೇ ಕೇಳಿದ್ರು

ಫಿಟ್ಟರ್ ಕೆಲಸದ ಇಂಟರ್ವ್ಯೂ ಅಂದ್ರೆ ಬೇರಿಂಗ್ ನಂಬರ್ ಕೇಳ್ತಾರೆ, ವರ್ನಿಯರ್ ಓದಿಸ್ತಾರೆ, ಕಪ್ಲಿಂಗ್ ಅಲೈನ್‌ಮೆಂಟ್ ಹೆಂಗ್ ಮಾಡ್ತೀಯ ಅಂತಾರೆ ಅಂದ್ಕೊಂಡು ಹೋಗಿದ್ದೆ. ಅದೆಲ್ಲ ಹತ್ತು ನಿಮಿಷಕ್ಕೆ ಮುಗೀತು. ಆಮೇಲೆ ಕೇಳಿದ್ದೆಲ್ಲ ಸೇಫ್ಟಿ. ನಮ್ಮ ಕಡೆ ಐಟಿಐ ಮುಗ್ಸಿ ಕೂತಿರೋ ಹುಡುಗ್ರು ತುಂಬಾ ಜನ ಇದಾರೆ, ಅವರಿಗೆ ಉಪಯೋಗ ಆಗ್ಲಿ ಅಂತ ಅವತ್ತು ಏನೇನ್ ಕೇಳಿದ್ರು, ನಾನ್ ಏನ್ ಹೇಳ್ದೆ, ಎಲ್ಲಿ ತಪ್ಪಿದೆ ಅಂತ ನೆನಪಿರೋವಾಗ್ಲೇ ಬರ್ದಿಡ್ತಿದೀನಿ.

ನಾನು ದಾವಣಗೆರೆಯವನು, ನಿಟ್ಟುವಳ್ಳಿ ಕಡೆ ಮನೆ. ಫಿಟ್ಟರ್ ಟ್ರೇಡ್ ಮುಗ್ಸಿ ಮೂರೂವರೆ ವರ್ಷ ಒಂದು ರೈಸ್ ಮಿಲ್ಲಲ್ಲಿ ಇದ್ದೆ, ಮಿಲ್ಲಿನ ಹೆಸರು ಬೇಡ. ಇಂಟರ್ವ್ಯೂಗೆ ಕರೆದಿದ್ದು ಒಂದು ಸ್ಟಾರ್ಚ್ ಫ್ಯಾಕ್ಟರಿ. ನಮ್ಮ ಸುತ್ತಮುತ್ತ ಮೆಕ್ಕೆಜೋಳ ಎಷ್ಟು ಬೆಳೀತಾರೆ ಅಂತ ಇಲ್ಲಿಯವರಿಗೆ ಹೇಳ್ಬೇಕಾಗಿಲ್ಲ, ಕಟಾವಿನ ಟೈಮಲ್ಲಿ ರೋಡ್ ಪಕ್ಕ ಉದ್ದಕ್ಕೂ ಹರಡಿ ಒಣಗಿಸಿರ್ತಾರೆ. ಆ ಜೋಳನೇ ಟ್ಯಾಂಕಲ್ಲಿ ನೆನೆ ಹಾಕಿ, ಅರೆದು, ಸ್ಟಾರ್ಚ್, ಗ್ಲೂಕೋಸ್ ತೆಗಿಯೋದು.

ಹೋಗೋಕೆ ಮುಂಚೆ ನಾಲ್ಕು ದಿನ ಮೊಬೈಲಲ್ಲಿ ವಿಡಿಯೋ ನೋಡಿ ಉತ್ತರ ಬಾಯಿಪಾಠ ಮಾಡಿದ್ದೆ, ಎಲ್ಲ ಇಂಗ್ಲಿಷಲ್ಲಿ. ಸೇಫ್ಟಿ ಅಂದ್ರೇನು, ಹಜಾರ್ಡ್‌ಗೂ ರಿಸ್ಕಿಗೂ ಏನ್ ವ್ಯತ್ಯಾಸ, ಪಿಪಿಇ, ಅಂದ್ರೆ ಹೆಲ್ಮೆಟ್ಟು ಗ್ಲೌಸು ತರದ ಮೈಮೇಲೆ ಹಾಕ್ಕೊಳ್ಳೋ ರಕ್ಷಣೆ ಸಾಮಾನು, ಎಷ್ಟು ತರ ಇದೆ, ಹಿಂಗೆ. ನಮ್ಮ ಪಕ್ಕದ ಮನೆ ಮಾಮ ಹರಿಹರದ ಆಚೆ ಕುಮಾರಪಟ್ಟಣಂ ಕಡೆ ಫ್ಯಾಕ್ಟರಿಲಿ ದುಡ್ದು ರಿಟೈರ್ ಆದೋರು. ಹಿಂದಿನ ದಿನ ಸಂಜೆ ಕಟ್ಟೆ ಮೇಲೆ ಕೂತ್ಕೊಂಡು ಮಂಡಕ್ಕಿ ಮೆಣಸಿನಕಾಯಿ ತಿಂತಾ, "ಎಲ್ಲಿ ಹೇಳ್ ನೋಡೋಣ" ಅಂದ್ರು. ನಾನು ಗಿಳಿ ತರ ಒಪ್ಪಿಸ್ದೆ. ಕೇಳಿ ಸುಮ್ನಾದ್ರು. ಆಮೇಲೆ, "ನೋಡು ತಮ್ಮ, ಏನ್ ಕೇಳಿದ್ರೂ ಹೆಲ್ಮೆಟ್ ಹಾಕ್ತೀನಿ, ಗ್ಲೌಸ್ ಹಾಕ್ತೀನಿ ಅಂತ ಶುರು ಮಾಡ್ಬೇಡ. ಅದು ಕಟ್ಟಕಡೆ ಮಾತು. ಮೊದ್ಲು ಆ ಅಪಾಯದ ಕೆಲಸನೇ ತಪ್ಸಕೆ ಆಗುತ್ತಾ ಅಂತ ನೋಡು, ಆಗ್ಲಿಲ್ಲ ಅಂದ್ರೆ ಕಡಿಮೆ ಅಪಾಯದ್ದು ಬೇರೆ ಏನಾದ್ರೂ ಐತಾ ನೋಡು, ಆಮೇಲೆ ಗಾರ್ಡ್, ಜಾಲರಿ, ಬೀಗ, ಆಮೇಲೆ ಪರ್ಮಿಟ್ಟು, ಅಂದ್ರೆ ಕೆಲಸಕ್ಕೆ ಬರೆದು ಕೊಡೋ ಅನುಮತಿ, ಟ್ರೈನಿಂಗು. ಇಷ್ಟೆಲ್ಲ ಆದ್ಮೇಲೂ ಉಳಿಯೋ ಅಪಾಯಕ್ಕೆ ಗ್ಲೌಸು ಹೆಲ್ಮೆಟ್ಟು" ಅಂದ್ರು. ಇನ್ನೊಂದು ಮಾತು, "ಬೀಗ ಹಾಕಿದ್ಮೇಲೆ ಸ್ಟಾರ್ಟ್ ಒತ್ತಿ ನೋಡೋದು ಮರೀಬೇಡ". ನಾಲ್ಕು ದಿನದ ವಿಡಿಯೋಗಿಂತ ಆ ಅರ್ಧ ಗಂಟೆ ನನಗೆ ಹೆಚ್ಚು ಕೆಲಸಕ್ಕೆ ಬಂತು.

ಗೇಟಲ್ಲಿ ಸೆಕ್ಯೂರಿಟಿಯವರು ಹೆಸರು ಬರೆಸ್ಕೊಂಡು, ಬೀಡಿ ಬೆಂಕಿಪೊಟ್ಣ ಲೈಟರ್ ಇದ್ರೆ ಇಲ್ಲೇ ಇಡು ಅಂದ್ರು, ವಿಸಿಟರ್ ಹೆಲ್ಮೆಟ್ ಕೊಟ್ರು, ಐದು ನಿಮಿಷದ ವಿಡಿಯೋ ತೋರಿಸಿದ್ರು, ಸೈರನ್ ಆದ್ರೆ ಎಲ್ಲಿ ಬಂದು ನಿಲ್ಬೇಕು ಅಂತ. ನಾನು ಫೈಲು ಸರಿ ಮಾಡ್ಕೊಳ್ತಾ ಅರ್ಧಂಬರ್ಧ ನೋಡ್ದೆ. ಒಳಗೆ ಮೂರು ಜನ ಕೂತಿದ್ರು, ಮೇಂಟೆನೆನ್ಸ್ ಮ್ಯಾನೇಜರ್, ಸೇಫ್ಟಿ ಆಫೀಸರ್, ಎಚ್‌ಆರ್ ಮೇಡಂ. ನಾನು ಇಂಗ್ಲಿಷಲ್ಲಿ ಶುರು ಮಾಡ್ದೆ, ಸೇಫ್ಟಿ ಆಫೀಸರ್ ಕೈ ತೋರಿಸಿ, "ಕನ್ನಡದಲ್ಲೇ ಹೇಳಪ್ಪ, ರಾತ್ರಿ ಪಾಳಿಲಿ ಇಲ್ಲಿ ಯಾರೂ ಇಂಗ್ಲಿಷಲ್ಲಿ ಕೂಗಲ್ಲ" ಅಂದ್ರು. ಅಷ್ಟಕ್ಕೇ ನಂಗೆ ಅರ್ಧ ಭಯ ಹೋಯ್ತು.

ಅವರ ಮೊದಲ್ನೇ ಪ್ರಶ್ನೆ ಯಾವ ವಿಡಿಯೋದಲ್ಲೂ ಇರಲಿಲ್ಲ. "ಗೇಟಿಂದ ಇಲ್ಲಿ ತನಕ ನಡ್ಕೊಂಡ್ ಬಂದ್ಯಲ್ಲ, ಏನೇನ್ ನೋಡ್ದೆ?" ನಾನು ಸ್ವಲ್ಪ ಹೊತ್ತು ತಡವರಿಸಿ, ಅಸೆಂಬ್ಲಿ ಪಾಯಿಂಟ್ ಬೋರ್ಡ್ ನೋಡ್ದೆ ಸರ್, ಕ್ಯಾಂಟೀನ್ ಮುಂದೆ ಹಸಿರು ಬೋರ್ಡು, ಫೋರ್ಕ್‌ಲಿಫ್ಟ್ ಓಡಾಡೋಕೆ ಬೇರೆ ಹಳದಿ ಗೆರೆ ಇದೆ ಅಂದೆ. "ಆಮೇಲೆ?" ಅಂದ್ರು. ಸ್ಟೋರ್ ಹತ್ರ ಒಂದು ಫೈರ್ ಎಕ್ಸ್‌ಟಿಂಗ್ವಿಷರ್ ಮುಂದೆ ಖಾಲಿ ಚೀಲದ ಕಟ್ಟು ಒಟ್ಟಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಕೆಲಸ ಕೇಳ್ಕೊಂಡು ಬಂದವನು ಅವರದ್ದೇ ತಪ್ಪು ಹೇಳೋದಾ ಅನ್ನಿಸ್ತು, ಆದ್ರೂ ಹೇಳ್ದೆ. ಅವರು ಮುಖದಲ್ಲಿ ಏನೂ ತೋರಿಸ್ದೆ ಪುಸ್ತಕದಲ್ಲಿ ಬರ್ಕೊಂಡ್ರು. ಹೊರಗೆ ಬರೋವಾಗ ನೋಡಿದೆ, ಆ ಚೀಲ ಅಲ್ಲಿರಲಿಲ್ಲ.

ಎರಡ್ನೇ ಪ್ರಶ್ನೆಲಿ ನಾನು ತಪ್ಪಿದೆ. "ಪ್ಯಾಕಿಂಗ್ ಸೆಕ್ಷನ್ನಲ್ಲಿ ಬೀಮ್ ಮೇಲೆ, ಮೋಟರ್ ಮೇಲೆ ಸ್ಟಾರ್ಚ್ ಪುಡಿ ಕೂತಿದೆ, ಕ್ಲೀನ್ ಮಾಡ್ಬೇಕು, ಹೆಂಗೆ?" ಅಂದ್ರು. ರೈಸ್ ಮಿಲ್ಲಲ್ಲಿ ದಿನಾ ಮಾಡ್ತಿದ್ದಿದ್ದೇ ಹೇಳ್ದೆ, ಕಂಪ್ರೆಸ್ಸರ್ ಗಾಳಿ ಹೊಡೆದು ಉದುರಿಸ್ತೀನಿ, ಮಾಸ್ಕ್ ಹಾಕ್ಕೊಳ್ತೀನಿ ಸರ್. ಅವರು ಬೈಯಲಿಲ್ಲ, ಕೂರಿಸಿ ಪಾಠ ಹೇಳ್ದಂಗೆ ಹೇಳಿದ್ರು. ಪುಡಿ ಸುಮ್ನೆ ಕೂತಿದ್ರೆ ಅಷ್ಟು ಬೇಗ ಏನೂ ಆಗಲ್ಲ, ಅದನ್ನ ಗಾಳಿಲಿ ಎಬ್ಬಿಸಿದ್ರೆ ಪ್ರತಿ ಕಣದ ಸುತ್ತ ಆಮ್ಲಜನಕ ಸಿಗುತ್ತೆ, ಅಲ್ಲಿ ಒಂದು ಕಿಡಿ ಸಿಕ್ರೆ, ರೂಮ್ ಮುಚ್ಚಿದ್ರೆ, ಸಿಡಿಯುತ್ತೆ. ಉರಿಯೋ ಪುಡಿ, ಆಮ್ಲಜನಕ, ಕಿಡಿ, ಪುಡಿ ಗಾಳಿಲಿ ಹರಡೋದು, ಮುಚ್ಚಿದ ಜಾಗ, ಈ ಐದೂ ಸೇರ್ಬೇಕು. ಮೊದಲ್ನೇ ಸಣ್ಣ ಸಿಡಿತಕ್ಕೆ ಬೀಮ್ ಮೇಲಿನ ಹಳೇ ಪುಡಿ ಎಲ್ಲ ಉದುರಿ ಎರಡ್ನೇ ಸಲ ಆಗೋದೇ ದೊಡ್ಡದು ಅಂದ್ರು. ಒಂದು ಪೇಪರ್ ಕ್ಲಿಪ್ ತೋರಿಸಿ, "ಈ ತಂತಿ ದಪ್ಪ ಪುಡಿ ಕೂತ್ರೆ ಸಾಕು, ಕ್ಲೀನ್ ಮಾಡೋ ಟೈಮ್ ಬಂತು ಅಂತ. ಅದೂ ಕಿಡಿ ಹಾರದಂಥ ವ್ಯಾಕ್ಯೂಮಲ್ಲಿ" ಅಂದ್ರು. ಗೋಧಿ ಹಿಟ್ಟು, ಜೋಳದ ಹಿಟ್ಟು, ಸಕ್ಕರೆ ಪುಡಿ, ಎಲ್ಲಕ್ಕೂ ಇದೇ ಕಥೆ. ಮೂರೂವರೆ ವರ್ಷ ದೂಳಿನ ಮಧ್ಯನೇ ಇದ್ದವನು ನಾನು, ನಂಗೆ ಇದನ್ನ ಯಾರೂ ಹೇಳಿರಲಿಲ್ಲ. ಗೊತ್ತಿರಲಿಲ್ಲ ಸರ್ ಅಂತ ಒಪ್ಕೊಂಡೆ. ಒಪ್ಕೊಂಡಿದ್ದೇ ಒಳ್ಳೇದಾಯ್ತು ಅಂತ ಈಗ ಅನ್ಸುತ್ತೆ, ಯಾಕಂದ್ರೆ ಗೊತ್ತಿಲ್ಲದೇ ಇರೋದನ್ನ ಗೊತ್ತಿರೋ ತರ ಹೇಳೋ ಫಿಟ್ಟರ್ ಜೊತೆ ಕೆಲಸ ಮಾಡೋಕೆ ನಂಗೂ ಇಷ್ಟ ಇಲ್ಲ.

ಆಮೇಲೆ ವರ್ಕ್‌ಶಾಪಿಗೆ ಕರ್ಕೊಂಡ್ ಹೋದ್ರು. ಅಲ್ಲೊಂದು ಸಣ್ಣ ಸ್ಕ್ರೂ ಕನ್ವೇಯರ್, ತಿರುಪಿನ ತರ ತಿರುಗಿ ಕಾಳು, ಪುಡಿ ಮುಂದಕ್ಕೆ ತಳ್ಳೋದು, ಟ್ರೈನಿಂಗಿಗೆ ಅಂತ ಇಟ್ಟಿರೋದು, ಪಕ್ಕದಲ್ಲಿ ಪ್ಯಾನಲ್. ಕೈಗೆ ಒಂದು ಕೆಂಪು ಬೀಗ, ಒಂದು ಟ್ಯಾಗ್ ಕೊಟ್ಟು, "ಇದರ ಒಳಗೆ ಜಾಮ್ ಆಗಿದೆ, ಕೈ ಹಾಕಿ ತೆಗೀಬೇಕು, ಏನೇನ್ ಮಾಡ್ತೀಯ ಬಾಯಲ್ಲಿ ಹೇಳ್ತಾ ಮಾಡಿ ತೋರ್ಸು" ಅಂದ್ರು. ಮೊದ್ಲು ಆಪರೇಟರ್‌ಗೆ, ಶಿಫ್ಟ್ ಇನ್‌ಚಾರ್ಜ್‌ಗೆ ಹೇಳ್ತೀನಿ ಅಂದೆ. ಸ್ಟಾಪ್ ಬಟನ್ ಒತ್ತಿ ನಿಲ್ಸಿದೆ. "ನಿಂತಿದೆಯಲ್ಲ, ಇನ್ನ ಕೈ ಹಾಕು" ಅಂದ್ರು ಮ್ಯಾನೇಜರ್ರು, ಬೇಕಂತನೇ. ಇಲ್ಲ ಸರ್, ಸ್ಟಾಪ್ ಬಟನ್ ಅಂದ್ರೆ ಬರೀ ಕಂಟ್ರೋಲ್ ಸರ್ಕ್ಯೂಟು, ಕರೆಂಟ್ ಇನ್ನೂ ಬಂದು ಕಾಯ್ತಾ ಇರುತ್ತೆ, ಯಾರು ಬೇಕಾದ್ರೂ ಸ್ಟಾರ್ಟ್ ಒತ್ತಬಹುದು ಅಂದೆ. ಇದನ್ನ ಹೇಳೋವಾಗ ನನ್ನ ದನಿ ನಂಗೇ ಬೇರೆ ತರ ಕೇಳಿಸ್ತು, ಯಾಕೆ ಅಂತ ಮುಂದೆ ಹೇಳ್ತೀನಿ. ಮೆಷಿನ್ನಿಗೆ ಬರೋ ಕರೆಂಟನ್ನೇ ಕಡಿಯೋ ಸ್ವಿಚ್, ಐಸೋಲೇಟರ್, ಅದನ್ನ ಆಫ್ ಮಾಡ್ದೆ, ಬೀಗ ಹಾಕ್ದೆ, ಟ್ಯಾಗಲ್ಲಿ ಹೆಸರು, ತಾರೀಖು, ಟೈಮು, ಯಾಕೆ ಅಂತ ಬರ್ದು ಕಟ್ಟಿದೆ, ಕೀ ನನ್ನ ಜೇಬಿಗೆ ಹಾಕ್ಕೊಂಡೆ. "ಈಗ?" ಅಂದ್ರು. ಕೈ ಹಾಕ್ತೀನಿ ಅಂತ ನಾಲಿಗೆ ತುದಿಗೆ ಬಂದಿತ್ತು, ಮಾಮ ಹೇಳಿದ್ದು ನೆನಪಾಯ್ತು. ಸ್ಟಾರ್ಟ್ ಒತ್ತಿದೆ, ತಿರುಗ್ಲಿಲ್ಲ. ಮತ್ತೆ ಸ್ಟಾಪ್ ಒತ್ತಿ, ಆಮೇಲೆ ಕವರ್ ಬಿಚ್ತೀನಿ ಅಂದೆ. ಒಂದೊಂದ್ಸಲ ಬೇರೆ ಮೆಷಿನ್ನಿನ ಐಸೋಲೇಟರ್‌ಗೆ ಬೀಗ ಹಾಕಿರ್ತೀವಿ, ಇಲ್ಲಾ ಒಳಗೆ ಕಾಂಟ್ಯಾಕ್ಟ್ ಅಂಟ್ಕೊಂಡು ಹ್ಯಾಂಡಲ್ ಮಾತ್ರ ಆಫ್ ಕಡೆ ಬಂದಿರುತ್ತೆ, ಅದು ಗೊತ್ತಾಗೋದು ಹಿಂಗೆ ಒತ್ತಿ ನೋಡಿದ್ರೇನೇ.

ಅಷ್ಟಕ್ಕೇ ಬಿಡಲಿಲ್ಲ. ಅಲ್ಲೇ ನಿಂತಿದ್ದ, ಕಾಳನ್ನ ಬಕೆಟಲ್ಲಿ ಮೇಲಕ್ಕೆ ಎತ್ತೋ ಬಕೆಟ್ ಎಲಿವೇಟರ್ ತೋರಿಸಿ, "ಇದಕ್ಕೂ ಬೀಗ ಹಾಕಿದೀಯ, ಕರೆಂಟ್ ಇಲ್ಲ, ಈಗ ಸೇಫಾ?" ಇದು ನಂಗೆ ಅನುಭವದಿಂದ ಗೊತ್ತಿತ್ತು. ಬೆಲ್ಟಿನ ಒಂದು ಕಡೆ ಬಕೆಟ್ಟೆಲ್ಲ ತುಂಬಿರ್ತವೆ, ಇನ್ನೊಂದು ಕಡೆ ಖಾಲಿ, ಆ ಭಾರಕ್ಕೆ ಕರೆಂಟ್ ಇಲ್ದಿದ್ರೂ ಹಿಂದಕ್ಕೆ ಓಡುತ್ತೆ, ಹಿಂದಕ್ಕೆ ತಿರುಗದಂಗೆ ತಡೆಯೋ ಬ್ಯಾಕ್‌ಸ್ಟಾಪ್ ಸವೆದಿದ್ರಂತೂ ಗ್ಯಾರಂಟಿ, ಅದಕ್ಕೆ ಬೆಲ್ಟ್ ಅಲ್ಲಾಡದಂಗೆ ತಡೆ ಕೊಡ್ಬೇಕು, ಏರ್ ಸಿಲಿಂಡರ್‌ನಲ್ಲಿ ನಡಿಯೋ ಗೇಟ್ ಇದ್ರೆ ಲೈನಲ್ಲಿ ಉಳಿದ ಗಾಳಿನೂ ಬಿಡ್ಬೇಕು ಅಂದೆ. ಆಗ ಮ್ಯಾನೇಜರ್ ಮೊದಲ್ನೇ ಸಲ ತಲೆ ಆಡಿಸಿದ್ರು. ಇಬ್ಬರು ಕೆಲಸ ಮಾಡ್ತಿದ್ರೆ? ಇಬ್ಬರದೂ ಬೇರೆ ಬೇರೆ ಬೀಗ, ಒಬ್ಬ ತೆಗೆದ್ರೂ ಇನ್ನೊಂದು ಇರುತ್ತೆ. ಶಿಫ್ಟ್ ಮುಗೀತು, ಕೆಲಸ ಮುಗೀಲಿಲ್ಲ? ಮುಂದಿನ ಪಾಳಿಯವನು ಅವನ ಬೀಗ ಹಾಕಿದ ಮೇಲೇನೇ ನಂದು ತೆಗಿಯೋದು. ಕೀ ಫ್ರೆಂಡ್ ಹತ್ರ ಕೊಟ್ಟು ಟೀಗೆ ಹೋಗಬಹುದಾ ಅಂದ್ರು. ಇಲ್ಲ ಸರ್, ಕೀ ಯಾರ ಕೈ ಒಳಗೆ ಹೋಗುತ್ತೋ ಅವನ ಹತ್ರನೇ ಇರ್ಬೇಕು.

"ಇಷ್ಟು ಖಡಕ್ಕಾಗಿ ಹೇಳ್ತೀಯ, ರೈಸ್ ಮಿಲ್ಲಲ್ಲಿ ಹಿಂಗೆಲ್ಲ ಮಾಡ್ತಿದ್ರಾ?" ಅಂದ್ರು ಸೇಫ್ಟಿ ಆಫೀಸರ್. ಇಲ್ಲ ಸರ್ ಅಂದೆ. "ಅಲ್ಲಿ ನೀನು ನೋಡಿದ ಆಕ್ಸಿಡೆಂಟ್ ಒಂದು ಹೇಳು."

ಈ ಪ್ರಶ್ನೆಗೆ ನನ್ನ ಹತ್ರ ಒಂದು ರೆಡಿ ಉತ್ತರ ಇತ್ತು, ಒಬ್ಬ ಹಮಾಲ ಒಟ್ಟಿದ್ದ ಚೀಲದ ಮೇಲಿಂದ ಜಾರಿದ್ದು, ಏನೂ ಆಗ್ಲಿಲ್ಲ ಅಂತ. ಬೀಗದ ಕೀ ಇನ್ನೂ ಜೇಬಲ್ಲೇ ಇತ್ತು. ಅದನ್ನ ಬಿಟ್ಟು ನಿಜವಾದದ್ದೇ ಹೇಳಿಬಿಟ್ಟೆ. ಮಳೆಗಾಲ, ರಾತ್ರಿ ಪಾಳಿ, ಎರಡೂವರೆ ಇರಬಹುದು, ಹಸಿ ಭತ್ತದ ಜೊತೆ ಹುಲ್ಲು ಬಂದು ಎಲಿವೇಟರ್ ಬುಡದ ಸ್ಕ್ರೂ ಜಾಮ್ ಆಯ್ತು. ನಮ್ಮ ಹೆಡ್ ಫಿಟ್ಟರ್ ಅಣ್ಣ, ನಂಗೆ ಕೆಲಸ ಕಲಿಸಿದೋರು, "ಆಫ್ ಮಾಡಿ ಬಾರೋ" ಅಂದ್ರು. ನಾನು ಹೋಗಿ ಕೆಂಪು ಬಟನ್ ಒತ್ತಿ ಬಂದೆ, "ಆಫ್ ಮಾಡೀನಿ ಅಣ್ಣ" ಅಂದೆ. ಮೇನ್ ಇಳಿಸ್ಲಿಲ್ಲ, ಪ್ಯಾನಲ್ ಹತ್ರ ಯಾರನ್ನೂ ನಿಲ್ಲಿಸ್ಲಿಲ್ಲ, ಒಂದು ರಟ್ಟಾದ್ರೂ ನೇತು ಹಾಕ್ಲಿಲ್ಲ. ಅಣ್ಣ ಕವರ್ ಬಿಚ್ಚಿ ಕೈ ಹಾಕಿ ಹುಲ್ಲು ಎಳೀತಿದ್ರು. ಮೇಲಿಂದ ಆಪರೇಟರ್ ಇಳಿದು ಬಂದ, ಮೆಷಿನ್ ನಿಂತಿದೆ, ಟ್ರಿಪ್ ಆಗಿರಬೇಕು ಅಂದ್ಕೊಂಡು ಸ್ಟಾರ್ಟ್ ಒತ್ತಿದ. ಎರಡು ಮೂರು ಸೆಕೆಂಡು ಅಷ್ಟೇ. ಬಲಗೈ ಎರಡು ಬೆರಳು ಹೋಯ್ತು. ರಿಜಿಸ್ಟರಲ್ಲಿ ಕೆಲಸಗಾರನ ಅಜಾಗರೂಕತೆ ಅಂತ ಬರೆದ್ರು, ಅದಕ್ಕೆ ಸಾಕ್ಷಿ ಸಹಿ ನಂದು. ನಾನು ಹಾಕ್ದೆ. ಇದನ್ನ ಇಂಟರ್ವ್ಯೂನಲ್ಲಿ ಹೇಳ್ಬೇಕು ಅಂತ ಮೊದ್ಲೇ ಅಂದ್ಕೊಂಡಿರಲಿಲ್ಲ, ಹೇಳೋವಾಗ ಗಂಟಲು ಕಟ್ಟಿ ಎಚ್‌ಆರ್ ಮೇಡಂ ನೀರು ಕೊಟ್ರು.

ಸೇಫ್ಟಿ ಆಫೀಸರ್ ಒಂದೇ ಮಾತು ಕೇಳಿದ್ರು, "ತಪ್ಪು ಯಾರ್ದು?" ನಂದೂ ಇದೆ ಸರ್, ಆದ್ರೆ ನನಗೆ ಸ್ಟಾಪ್ ಬಟನ್ನಿಗೂ ಐಸೋಲೇಟರ್‌ಗೂ ಇರೋ ವ್ಯತ್ಯಾಸ ಯಾರೂ ಹೇಳಿರಲಿಲ್ಲ, ಇಡೀ ಮಿಲ್ಲಲ್ಲಿ ಒಂದು ಬೀಗ ಇರಲಿಲ್ಲ, ಸ್ಟಾರ್ಟ್ ಒತ್ತಿದ ಹುಡುಗನಿಗೆ ಕೆಳಗೆ ಕೈ ಇದೆ ಅಂತ ಗೊತ್ತಾಗೋಕೆ ದಾರಿನೇ ಇರಲಿಲ್ಲ, ಅದಕ್ಕೆ ಮುಂಚೆ ಎರಡು ಸಲ ಹಿಂಗೇ ಸ್ವಲ್ಪದ್ರಲ್ಲಿ ತಪ್ಪಿತ್ತು, ಯಾರೂ ಬರೆದಿಡಲಿಲ್ಲ, ಅವತ್ತು ಬರೆದಿದ್ರೆ ಒಂದು ಬೀಗ ಆದ್ರೂ ತರಿಸ್ತಿದ್ರೇನೋ ಅಂದೆ. ಅದನ್ನೇ ನಿಯರ್ ಮಿಸ್ ಅಂತಾರೆ ಅಂತ ವಿಡಿಯೋ ನೋಡಿ ಗೊತ್ತಿತ್ತು, ಆ ಹೆಸರು ಆಗ ನೆನಪಾಗ್ಲೇ ಇಲ್ಲ. ಯಾರೂ ಕೇಳ್ಲೂ ಇಲ್ಲ.

ಇದಾದ್ಮೇಲೆ ಕೇಳಿದ್ದರಲ್ಲೂ ನಾನು ಪೂರ್ತಿ ತಪ್ಪು ಹೇಳ್ದೆ, ಇದನ್ನ ಓದೋರು ದಯವಿಟ್ಟು ಗಮನ ಕೊಡಿ. "ಜೋಳ ನೆನೆ ಹಾಕೋ ಟ್ಯಾಂಕ್ ಖಾಲಿ ಮಾಡಿದೀವಿ, ನಿನ್ನ ಜೊತೆಗಾರ ಒಳಗೆ ಇಳಿದಿದಾನೆ, ನೀನು ಮೇಲೆ ನಿಂತಿದೀಯ, ಅವನು ತಲೆ ತಿರುಗಿ ಬಿದ್ದ. ಏನ್ ಮಾಡ್ತೀಯ?" ಬಾಯಿಂದ ತಕ್ಷಣ ಬಂತು, ಇಳಿದು ಎತ್ಕೊಂಡು ಬರ್ತೀನಿ ಸರ್. "ಎರಡನೇ ಹೆಣ" ಅಂದ್ರು. ಸುಮ್ನಾಗಿಬಿಟ್ಟೆ.

ಅವರು ಹೇಳಿದ್ದು ಇದು. ನಾವು ಉಸಿರಾಡೋ ಗಾಳಿಲಿ ಆಮ್ಲಜನಕ 20.9 ಪರ್ಸೆಂಟ್ ಇರುತ್ತೆ, 19.5ಕ್ಕಿಂತ ಕಡಿಮೆ ತೋರಿಸಿದ್ರೆ ಆ ಜಾಗಕ್ಕೆ ಇಳಿಯೋ ಹಂಗಿಲ್ಲ. ಜೋಳ ನೆನೆಸೋ ನೀರಿಗೆ ಸಲ್ಫರ್ ಡೈಆಕ್ಸೈಡ್ ಸೇರಿಸ್ತಾರೆ, ಜೊತೆಗೆ ಹುಳಿ ಬಂದಾಗ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತೆ, ಎರಡೂ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತೆ. ಅವನನ್ನ ಬೀಳಿಸಿದ ಗಾಳಿನೇ ನಿನ್ನನ್ನೂ ಬೀಳಿಸುತ್ತೆ. ಮೇಲೆ ನಿಂತವನ ಕೆಲಸ ಇಳಿಯೋದಲ್ಲ, ಕೂಗಬೇಕು, ರೇಡಿಯೋದಲ್ಲಿ ರೆಸ್ಕ್ಯೂ ಟೀಮ್ ಕರೀಬೇಕು, ಬ್ಲೋವರ್ ನಡೀತಿದೆಯಾ ನೋಡ್ಬೇಕು, ಅವನ ಮೈಗೆ ಕಟ್ಟಿರೋ ಹಾರ್ನೆಸ್ ಹಗ್ಗನ ಟ್ರೈಪಾಡ್ ವಿಂಚಲ್ಲಿ, ಅಂದ್ರೆ ಮೂರು ಕಾಲಿನ ಸ್ಟ್ಯಾಂಡಿಗೆ ಕಟ್ಟಿರೋ ರಾಟೆಲಿ, ಹೊರಗಿಂದ್ಲೇ ಎಳೀಬೇಕು. ಒಳಗೆ ಹೋಗೋದೇ ಆದ್ರೆ ಬೆನ್ನಿಗೆ ಗಾಳಿ ಸಿಲಿಂಡರ್ ಹಾಕ್ಕೊಂಡ, ಟ್ರೈನಿಂಗ್ ಆದವರು ಮಾತ್ರ. ಇಳಿಯೋಕೆ ಮುಂಚೆನೇ ಗ್ಯಾಸ್ ಮೀಟರಲ್ಲಿ ಮೇಲೆ, ಮಧ್ಯ, ತಳ ಮೂರು ಕಡೆ ನೋಡಿರ್ಬೇಕು.

ಕೇಳ್ತಾ ಕೇಳ್ತಾ ನಂಗೆ ನಮ್ಮೂರ ಕಡೆ ಬಾವಿಗೆ, ಪಿಟ್ಟಿಗೆ ಒಬ್ಬನ ಹಿಂದೆ ಒಬ್ಬ ಇಳಿದು ಹೋದ ಸುದ್ದಿಗಳೆಲ್ಲ ಕಣ್ಣ ಮುಂದೆ ಬಂತು. ತಮ್ಮ ಬಿದ್ದ ಅಂತ ಅಣ್ಣ, ಅಣ್ಣ ಬಿದ್ದ ಅಂತ ಪಕ್ಕದ ಹೊಲದವನು. ನಮ್ಮ ಜನ ಓಡಿ ಹೋಗಿ ಕೈ ಕೊಡೋರೇ, ಅದು ದೊಡ್ಡ ಗುಣ, ಆ ಗುಣನೇ ಅಲ್ಲಿ ಜೀವ ತೆಗಿಯುತ್ತೆ ಅನ್ನೋದು ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. ನೀವು ಬೇರೆ ಏನ್ ಮರೆತರೂ ಇದೊಂದು ಮರೀಬೇಡಿ, ಇಂಟರ್ವ್ಯೂಗೆ ಅಂತಲ್ಲ.

ಕೊನೇದು ಮ್ಯಾನೇಜರ್ ಕೇಳಿದ್ದು. "ರಾತ್ರಿ ಲೋಡ್ ಹೋಗ್ಬೇಕು, ಲಾರಿ ಬಂದು ನಿಂತಿದೆ, ಪರ್ಮಿಟ್ ಸಹಿ ಹಾಕೋರು ಸಿಗ್ತಿಲ್ಲ. ಸೂಪರ್‌ವೈಸರ್, ಐದು ನಿಮಿಷದ ಕೆಲಸ, ಕೈ ಹಾಕಿ ತೆಗಿ ಅಂತಾನೆ. ಏನಂತೀಯ?" ಮಾಡಲ್ಲ ಅಂತ ಮುಖಕ್ಕೆ ಹೇಳಲ್ಲ ಸರ್ ಅಂದೆ. ಕೆಲಸ ಮಾಡ್ತೀನಿ, ಸಹಿ ಹಾಕೋರು ಬರೋದ್ರೊಳಗೆ ಬೀಗ ಹಾಕಿ, ಟೂಲ್ಸ್ ತಂದು ರೆಡಿ ಮಾಡಿ ಇಡ್ತೀನಿ, ಅವರಿಗೆ ನೀವೊಂದು ಫೋನ್ ಮಾಡಿ ಸರ್ ಅಂತೀನಿ. "ಆದ್ರೂ ಈಗ್ಲೇ ಮಾಡು, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ ಅಂದ್ರೆ?" ಇದಕ್ಕೆ ಬಾಯಿಪಾಠದ ಉತ್ತರ ಇತ್ತು, ನನ್ನ ಬಾಯಿಗೆ ಬಂದಿದ್ದು ಬೇರೆ. ಭಯ ಆಗುತ್ತೆ ಸರ್, ಮನೇಲಿ ತಂಗಿ ಓದ್ತಿದಾಳೆ, ಸಂಬಳ ನಂದೊಂದೇ. ಆದ್ರೂ ಕೈ ಹಾಕಲ್ಲ, ಅಣ್ಣನ ಕೈ ನೋಡಿದೀನಿ, ಇನ್ನೊಬ್ಬರ ಕೈಯನ್ನೂ ಹಾಕೋಕೆ ಬಿಡಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಸೇಫ್ಟಿ ಆಫೀಸರ್, 1984ರಲ್ಲಿ ಭೋಪಾಲ್ ಅನಿಲ ದುರಂತ ಆದ್ಮೇಲೆ 1987ರಲ್ಲಿ ಆಗಿನ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ಮಾಡಿದ್ರು, ಅದರಲ್ಲಿ 41ಎಚ್ ಅಂತ ಸೆಕ್ಷನ್ ಸೇರಿಸಿದ್ರು, ಅಪಾಯಕಾರಿ ಪ್ರಕ್ರಿಯೆ ನಡೆಯೋ ಫ್ಯಾಕ್ಟರಿಲಿ ಜೀವಕ್ಕೆ ಆಪತ್ತು ಇದೆ ಅನ್ನಿಸಿದ್ರೆ ಕೆಲಸಗಾರ ಮ್ಯಾನೇಜರ್‌ಗೂ ಇನ್‌ಸ್ಪೆಕ್ಟರ್‌ಗೂ ಒಟ್ಟಿಗೇ ಎಚ್ಚರಿಕೆ ಕೊಡಬಹುದು, ಅದು ಅವನ ಹಕ್ಕು ಅಂತ ಹೇಳಿದ್ರು. ನಾವು ಕೇಳ್ಕೊಂಡು ಬೇಡ್ಕೊಂಡು ಹೇಳೋ ಮಾತು ಕಾನೂನಲ್ಲಿ ಹಕ್ಕು ಅಂತ ಇತ್ತು ಅನ್ನೋದು ನಂಗೆ ಅವತ್ತೇ ಗೊತ್ತಾಗಿದ್ದು.

ಕರೆಂಟ್ ಪ್ಯಾನಲ್ಲಿಗೆ ಬೆಂಕಿ ಹತ್ತಿದ್ರೆ ಯಾವ ಎಕ್ಸ್‌ಟಿಂಗ್ವಿಷರ್, ಏಣಿ ಎಷ್ಟು ವಾಲಿಸ್ಬೇಕು ಅಂತ ಸಣ್ಣ ಪುಟ್ಟದ್ದು ನಡುವೆ ಕೇಳಿದ್ರು, ಸಿಓಟು (ಕಾರ್ಬನ್ ಡೈಆಕ್ಸೈಡ್), ನಾಲ್ಕಡಿ ಎತ್ತರಕ್ಕೆ ಏಣಿ ಬುಡ ಗೋಡೆಯಿಂದ ಒಂದಡಿ ದೂರ ಅಂತ ಹೇಳ್ದೆ. ಸಂಬಳದ ಮಾತು ಎಚ್‌ಆರ್ ಮೇಡಂ ಎರಡು ನಿಮಿಷದಲ್ಲಿ ಮುಗ್ಸಿದ್ರು.

ಒಂಬತ್ತು ದಿನ ಆದ್ಮೇಲೆ ಫೋನ್ ಬಂತು. ಮೆಡಿಕಲ್ ಆಯ್ತು, ಮೂರು ದಿನ ಟ್ರೈನಿಂಗ್ ಆಯ್ತು, ಕೊನೇ ದಿನ ನನ್ನ ಹೆಸರು ಕೊರೆದಿರೋ ಕೆಂಪು ಬೀಗ ಕೊಟ್ರು, ಅದಕ್ಕೆ ಇರೋದು ಒಂದೇ ಕೀ. ಮಾರನೇ ದಿನ ಕೇಳ್ಕೊಂಡು ಒಂದಿನದ ಮಟ್ಟಿಗೆ ಅದನ್ನ ಮನೆಗೆ ತಂದು, ಸಂಜೆ ಅಣ್ಣನ ಮನೆಗೆ ಹೋದೆ. ಸಹಿ ಹಾಕಿದ್ದಕ್ಕೆ ಅವರೆದುರಿಗೆ ಹೋಗೋಕೆ ಆಗದೇ ಏಳೆಂಟು ತಿಂಗಳಾಗಿತ್ತು. ಇಂಟರ್ವ್ಯೂನಲ್ಲಿ ಏನ್ ಹೇಳ್ದೆ ಅಂತ ಪೂರ್ತಿ ಹೇಳ್ದೆ. ಅತ್ತಿಗೆ ಟೀ ತಂದಿಟ್ರು. ಅಣ್ಣ ಬೀಗನ ಎಡಗೈಲಿ ಇಸ್ಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಎಷ್ಟಾಗುತ್ತೋ ಇದಕ್ಕೆ?" ಅಂದ್ರು.

ನಾಲ್ಕೈದು ನೂರು ಇರಬಹುದು ಅಣ್ಣ, ಅಂದೆ.